ಬಂಡೆಯ ಅಕ್ಷರವೂ ಬೀದಿಯ ಫಲಕವೂ

ಯಾವುದಾದರೊಂದು ಸಂಸ್ಥೆಗೆ ಲಾಂಛನವನ್ನು ರಚಿಸಿಕೊಡಿರೆಂದು, ಇಲ್ಲವೆ ಕಾಲೇಜಿನ ವಿಜ್ಞಾನ ಸಂಘದ ಸಮಾರಂಭಕ್ಕೆ ಭಿತ್ತಿಪತ್ರವೊಂದನ್ನು ಸಿದ್ಧಪಡಿಸಿರೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಅವರು ಮೊದಲು ಮಾಡುವ ಕೆಲಸವೇನು? ಗಣಕಯಂತ್ರವನ್ನು ತೆರೆದು, ಜಗತ್ತಿನ ನಾಲ್ಕು ಮೂಲೆಗಳಿಂದ ಬಂದು ಬಿದ್ದಿರುವ ಸಾವಿರಾರು ಸಿದ್ಧ ಮಾದರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಬಾಗಲಕೋಟೆಯ ಕಡೆಯವರಾದರೆ ಅದರ ಮೇಲೆ ಬಾದಾಮಿಯ ಗುಹೆಯ ಕಂಬವನ್ನೋ ಪಟ್ಟದಕಲ್ಲಿನ ಶಿಖರವನ್ನೋ ಅಂಟಿಸಿ, ಕೆಳಗೆ ಕೈಗೆ ಸಿಕ್ಕಿದ ಅಚ್ಚಿನಲ್ಲಿ ಹೆಸರನ್ನು ಬರೆದುಬಿಡುತ್ತಾರೆ. ಊರಿನ ಪರಂಪರೆಗೆ ಸಲ್ಲಬೇಕಾದ ಗೌರವ ಅಲ್ಲಿಗೆ ಸಂದಿತೆಂದು ಎಲ್ಲರಿಗೂ ಸಮಾಧಾನ. ಸ್ಫೂರ್ತಿಯೆಂದರೆ ಇದೇ ಎಂಬುದನ್ನು ಒಪ್ಪಲು ನಾನು ಸಿದ್ಧನಿಲ್ಲ. ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಅಕ್ಷರ ಬರೆಯುವವನಿಗೂ ಲಾಂಛನ ರಚಿಸುವವನಿಗೂ ಕಲಿಯಬೇಕಾದುದು ಹೇರಳವಾಗಿದೆ. ಅಲ್ಲಿನ ಆಕಾರಗಳನ್ನು ನಕಲು ಮಾಡಿದ ಮಾತ್ರಕ್ಕೆ ಅದು ದಕ್ಕುವುದಿಲ್ಲ. ಅವು ಹಾಗೆಯೇ ಏಕೆ ಆದವೆಂಬ ಕಾರಣವನ್ನು ಹುಡುಕಬೇಕು. ಕಾರಣವನ್ನು ಹುಡುಕುವುದು ವಿಜ್ಞಾನದ ಕೆಲಸವಾದುದರಿಂದ ಈ ವಿಷಯವನ್ನು ವಿಜ್ಞಾನ ಪತ್ರಿಕೆಯ ವಾಚಕರ ಮುಂದಿಡಲು ನನಗೆ ಸಂಕೋಚವಿಲ್ಲ.

ಬಾದಾಮಿಯಲ್ಲಿ ಅಕ್ಷರಗಳನ್ನು ಬೆಟ್ಟದ ಮೈಮೇಲೆಯೇ ಕೆತ್ತಿದ್ದಾರೆ. ಒಂದನೆಯ ಪುಲಕೇಶಿಯು ಅಲ್ಲಿನ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದುದನ್ನು ತಿಳಿಸುವ ಬಂಡೆಯ ಶಾಸನವು ಶಕ ೪೬೫ರದು, ಎಂದರೆ ಕ್ರಿ. ಶ. ೫೪೩ರದು. ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನ ಶಕ ೫೦೦ರದು, ಕ್ರಿ. ಶ. ೫೭೮. ಕೆರೆಯ ಈಶಾನ್ಯದ ಬಂಡೆಯ ಮೇಲೆ ಹತ್ತು ಸಾಲುಗಳಲ್ಲಿರುವ ಕಪ್ಪೆ ಅರಭಟ್ಟನ ಶಾಸನವು ಕ್ರಿ. ಶ. ೭೦೦ರ ಸುಮಾರಿನದು. ತ್ರಿಪದಿಯ ಛಂದಸ್ಸು ಮೊತ್ತಮೊದಲಿಗೆ ಕಾಣಸಿಗುವುದು ಅದರಲ್ಲಿಯೇ ಎಂಬುದನ್ನು ವಿದ್ಯಾರ್ಥಿಗಳು ಪಾಠಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಅದರ ಮಾತಿನ ಸೊಗಸನ್ನು ಕುರಿತು ಬರೆದವರು ಬಹಳ ಮಂದಿ; ಅದರ ಅಕ್ಷರಗಳ ಆಕಾರವನ್ನು ನಿಂತು ನೋಡಿದವರು ಕಡಿಮೆ.

ಇಂದಿನ ಕನ್ನಡವನ್ನು ಮಾತ್ರ ಬಲ್ಲವನು ಈ ಅಕ್ಷರಗಳನ್ನು ಒಮ್ಮೆಗೇ ಓದಲಾರನು. ಸಾವಿರದ ಮುನ್ನೂರು ವರ್ಷಗಳಲ್ಲಿ ಆಕಾರಗಳು ಬಹಳ ದೂರ ನಡೆದುಬಂದಿವೆ. ಆದರೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಮನೆತನದ ಹೋಲಿಕೆ ಕಾಣುತ್ತದೆ: ದುಂಡಗೆ ತಿರುಗುವ ಒಡಲು, ನೆತ್ತಿಯ ಮೇಲೆ ಚಿಕ್ಕದೊಂದು ಅಡ್ಡಗೆರೆ, ಪಕ್ಕದ ಅಕ್ಷರಕ್ಕೆ ತಗಲದೆ ತನ್ನಷ್ಟಕ್ಕೆ ತಾನು ನಿಂತಿರುವ ನಿಲುವು. ಈ ದುಂಡುತನ ಎಲ್ಲಿಂದ ಬಂದಿತು? ಉಳಿಗೂ ಸುತ್ತಿಗೆಗೂ ನೇರವಾದ ಗೆರೆಯೇ ಸುಲಭ. ರಾಯಚೂರಿನ ಕಡೆಯ ಮಸ್ಕಿಯಲ್ಲಿರುವ ಅಶೋಕನ ಬ್ರಾಹ್ಮೀ ಅಕ್ಷರಗಳಲ್ಲಿ ನೇರಗೆರೆಗಳೇ ಹೆಚ್ಚು. ಲಿಪಿಶಾಸ್ತ್ರಜ್ಞರಲ್ಲಿ ಪ್ರಚಲಿತವಾಗಿರುವ ವಿವರಣೆಯೆಂದರೆ, ದುಂಡುತನವು ಕಲ್ಲಿನದಲ್ಲ, ತಾಳೆಗರಿಯದು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ನಾರಿನ ಗುಂಟ ನೇರವಾಗಿ ಗೀರಿದರೆ ಗರಿ ಸೀಳುತ್ತದೆ. ಬಾಗಿಸಿ ಗೀರಿದರೆ ಉಳಿಯುತ್ತದೆ. ಹೀಗೆ ಗರಿಯ ಮೇಲೆ ಪಳಗಿದ ಕೈ ಕಲ್ಲಿಗೆ ಬಂದಾಗ ತನ್ನ ಬಾಗನ್ನೂ ಜೊತೆಗೆ ತಂದಿತು. ಬಾದಾಮಿಯ ಕಲ್ಲು ಮರಳುಗಲ್ಲಾದುದರಿಂದ ಆ ಬಾಗಿಗೆ ಎದುರಾಡಲಿಲ್ಲ. ಇದೇ ಉಳಿಯನ್ನು ಇಳಕಲ್ಲಿನ ಕೆಂಪು ಗ್ರಾನೈಟಿನ ಮೇಲೆ ಆಡಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಒಂದು ಸಾಧನದ ಗುರುತು ಇನ್ನೊಂದು ಸಾಧನದ ಕೆಲಸದಲ್ಲಿ ಉಳಿದುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ರೋಮನ್ ದೊಡ್ಡಕ್ಷರಗಳ ತುದಿಯಲ್ಲಿರುವ ಚಿಕ್ಕ ಪಾದಗಳು ಉಳಿಯ ಕೆಲಸವೆಂದೇ ಬಹುಕಾಲ ನಂಬಿದ್ದರು. ಎಡ್ವರ್ಡ್ ಕ್ಯಾಟಿಚ್ ಎಂಬ ಅಮೆರಿಕದ ಪಾದ್ರಿ, ಮೊದಲು ನಾಮಫಲಕಗಳನ್ನು ಬರೆಯುತ್ತಿದ್ದವರು, ರೋಮಿನ ಟ್ರಾಜನ್ ಸ್ತಂಭದ ಅಕ್ಷರಗಳನ್ನು ಅಳೆದು ನೋಡಿ, ಇವು ಮೊದಲು ಚಪ್ಪಟೆ ಕುಂಚದಿಂದ ಬರೆದು ಆಮೇಲೆ ಕೆತ್ತಿದವುಗಳೆಂದೂ, ಪಾದಗಳು ಕುಂಚವನ್ನು ಎತ್ತುವಾಗ ಮೂಡಿದವೆಂದೂ ೧೯೬೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದರು. ಫಲಕ ಬರೆದವನ ಕೈಗೆ ತಿಳಿದದ್ದು ಪಂಡಿತರ ಕಣ್ಣಿಗೆ ಕಾಣದೇ ಹೋಗಿತ್ತು!

ಇನ್ನು ಐಹೊಳೆಗೆ ಬರೋಣ. ಹುನಗುಂದ ಸೀಮೆಯ ಈ ಊರಿನ ಮೇಗುತಿ ಗುಡ್ಡದ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿಯು ರಚಿಸಿದ ಶಾಸನವಿದೆ. ಶಕ ೫೫೬, ಎಂದರೆ ಕ್ರಿ. ಶ. ೬೩೪-೩೫. ಇಮ್ಮಡಿ ಪುಲಕೇಶಿಯು ಹರ್ಷನನ್ನು ಗೆದ್ದ ಸುದ್ದಿಗಾಗಿಯೂ, ಕಾಳಿದಾಸ ಭಾರವಿಗಳ ಹೆಸರಿಗಾಗಿಯೂ ಇತಿಹಾಸಕಾರರು ಅದನ್ನು ಉದ್ಧರಿಸುತ್ತಾರೆ. ನಮಗೆ ಈಗ ಬೇಕಾದುದು ಅದರ ಅಳತೆ. ಸಾಲುಗಳು ೧೯, ಅವು ಆಕ್ರಮಿಸಿರುವ ಎತ್ತರ ಸುಮಾರು ಎರಡು ಅಡಿ, ಅಕ್ಷರಗಳ ಎತ್ತರ ಅರ್ಧ ಅಂಗುಲಕ್ಕೆ ತುಸು ಮೇಲೆ. ಇಪ್ಪತ್ತನಾಲ್ಕು ಅಂಗುಲವನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಒಂದೊಂದು ಸಾಲಿಗೆ ಒಂದೂಕಾಲು ಅಂಗುಲ ದೊರೆಯುತ್ತದೆ. ಎಂದರೆ, ಸಾಲಿನಿಂದ ಸಾಲಿಗೆ ಇರುವ ದೂರ ಅಕ್ಷರದ ಎತ್ತರದ ಎರಡರಷ್ಟು.

ಕಲ್ಲು ಅಗ್ಗವೆಂದು ಹೀಗೆ ಜಾಗವನ್ನು ಚೆಲ್ಲಿದರೆ? ಖಂಡಿತ ಅಲ್ಲ. ನಮ್ಮ ಲಿಪಿಯಲ್ಲಿ ಅಕ್ಷರವೆಂಬುದು ಒಂದೇ ಅಂತಸ್ತಿನ ಮನೆಯಲ್ಲ. ನಡುವೆ ಒಡಲು, ಮೇಲೆ ಸ್ವರಚಿಹ್ನೆ, ಕೆಳಗೆ ಒತ್ತಕ್ಷರ. ಸಂಸ್ಕೃತದ ಕಾವ್ಯವನ್ನು ಈ ಲಿಪಿಯಲ್ಲಿ ಬರೆದಾಗ ಒತ್ತುಗಳು ಇನ್ನೂ ಹೆಚ್ಚು. ಮೇಲಣ ಸಾಲಿನ ಒತ್ತು ಕೆಳಗಣ ಸಾಲಿನ ಗುಡಿಸಿನ ಮೇಲೆ ಬೀಳಬಾರದೆಂದು ಕೆತ್ತುವವನು ಮೊದಲೇ ಲೆಕ್ಕ ಹಾಕಿ ಸಾಲುಗಳನ್ನು ಹೂಡಿದ್ದಾನೆ. ಈಗ ನಮ್ಮ ಭಿತ್ತಿಪತ್ರಗಳನ್ನು ನೋಡಿರಿ. ಗಣಕಯಂತ್ರವು ಇಂಗ್ಲಿಷಿನ ಒಂದಂತಸ್ತಿನ ಅಕ್ಷರಗಳಿಗೆಂದು ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟು, ‘ವಾರ್ಷಿಕೋತ್ಸವ’ದ ಒತ್ತು ಕೆಳಗಿನ ‘ಮುಖ್ಯ ಅತಿಥಿ’ಗಳ ತಲೆಯ ಮೇಲೆ ಕುಳಿತಿರುತ್ತದೆ. ಏಳನೆಯ ಶತಮಾನದ ಕೆತ್ತನೆಯವನು ಬಿಡಿಸಿಟ್ಟ ಸಮಸ್ಯೆಯನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ನಾವು ಮತ್ತೆ ಗಂಟು ಹಾಕಿಕೊಂಡಿದ್ದೇವೆ.

ಕೆತ್ತಿದ ಅಕ್ಷರಕ್ಕೆ ಮಸಿಯಿಲ್ಲ. ನೆರಳೇ ಅದರ ಮಸಿ. ಪೂರ್ವಕ್ಕೆ ಮುಖಮಾಡಿದ ಗೋಡೆಗೆ ಸೂರ್ಯೋದಯದ ಬೆಳಕು ನೇರವಾಗಿ ಎದುರಿನಿಂದ ಬೀಳುವುದರಿಂದ ತಗ್ಗೂ ಉಬ್ಬೂ ಒಂದೇ ಸಮನಾಗಿ ಬೆಳಗಿ ಅಕ್ಷರ ಮಂಕಾಗುತ್ತದೆ. ಹೊತ್ತೇರಿದ ಮೇಲೆ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯತೊಡಗಿದಾಗ ತಗ್ಗುಗಳಲ್ಲಿ ನೆರಳು ತುಂಬಿ ಅದೇ ಅಕ್ಷರ ಎದ್ದು ನಿಲ್ಲುತ್ತದೆ. ಬೆಳಕಿನ ಕೋನವೂ ಬರಹದ ಒಂದು ಅಂಗವೆಂಬ ಈ ಅರಿವು ಇಂದು ನುಣುಪು ಗ್ರಾನೈಟಿನ ಹಲಗೆಯ ಮೇಲೆ ಚಿನ್ನದ ಬಣ್ಣ ತುಂಬಿಸುವವರಿಗೆ ಬೇಕಾಗಿದೆ. ಕನ್ನಡಿಯಂತೆ ಹೊಳೆಯುವ ಆ ಕಲ್ಲಿನಲ್ಲಿ ಎದುರಿನ ಆಕಾಶವೂ ಬಸ್ಸುಗಳೂ ಕಾಣುತ್ತವೆ. ಶಂಕುಸ್ಥಾಪನೆ ಮಾಡಿದವರ ಹೆಸರು ಮಾತ್ರ ಕಾಣುವುದಿಲ್ಲ. ಕೆಲವೊಮ್ಮೆ ಅದರಿಂದ ನಷ್ಟವೇನೂ ಇಲ್ಲವೆನ್ನಿ.

ಹಳೆಯ ಕಲ್ಲಿನ ಬರಹದಿಂದ ಇಂದಿನ ಬೀದಿಗೆ ಏನನ್ನು ತರಬಹುದೆಂಬುದಕ್ಕೆ ಲಂಡನ್ ನಗರದ ಉದಾಹರಣೆಯಿದೆ. ಅಲ್ಲಿನ ನೆಲದಡಿಯ ರೈಲಿನ ಫಲಕಗಳಿಗಾಗಿ ಎಡ್ವರ್ಡ್ ಜಾನ್‌ಸ್ಟನ್ ಎಂಬ ಅಕ್ಷರಕಾರನು ೧೯೧೬ರಲ್ಲಿ ಒಂದು ಅಕ್ಷರಮಾಲೆಯನ್ನು ರಚಿಸಿಕೊಟ್ಟನು. ನೋಡಿದರೆ ಅದು ಅಪ್ಪಟ ಯಂತ್ರಯುಗದ ಸರಳ ಅಕ್ಷರ: ಪಾದಗಳಿಲ್ಲ, ಅಲಂಕಾರವಿಲ್ಲ. ಆದರೆ ಒಂದೊಂದು ಅಕ್ಷರದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣವನ್ನು ಅವನು ತೆಗೆದುಕೊಂಡದ್ದು ಪ್ರಾಚೀನ ರೋಮನ್ ಶಾಸನಗಳ ಅಕ್ಷರಗಳಿಂದ. ರೋಮಿನ ಕಂಬದ ಚಿತ್ರವನ್ನು ಅವನು ರೈಲು ನಿಲ್ದಾಣದಲ್ಲಿ ಅಂಟಿಸಲಿಲ್ಲ. ಪ್ರಮಾಣವನ್ನು ಮಾತ್ರ ತಂದನು. ಅವನ ಅಕ್ಷರಮಾಲೆಯ ಪರಿಷ್ಕೃತ ರೂಪ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಬಾದಾಮಿ ಐಹೊಳೆಗಳ ಅಕ್ಷರಗಳನ್ನು ಈ ಬಗೆಯಲ್ಲಿ ಅಳೆದು, ಅವುಗಳ ಅಂತರ, ಬಾಗು, ತಲೆಕಟ್ಟಿನ ಉದ್ದ ಇವುಗಳ ಪ್ರಮಾಣವನ್ನು ಇಂದಿನ ಕನ್ನಡ ಅಕ್ಷರಕ್ಕೆ ಅಳವಡಿಸುವ ಕೆಲಸಕ್ಕೆ ನಮ್ಮ ಜಿಲ್ಲೆಯ ಹುಡುಗರು ಏಕೆ ಕೈಹಾಕಬಾರದು?

ಇದು ಕೇವಲ ಸೊಗಸಿನ ಪ್ರಶ್ನೆಯಲ್ಲ. ಕಣ್ಣಿಗೆ ಒಂದು ಮಿತಿಯಿದೆ. ಆರೋಗ್ಯವಂತನ ಕಣ್ಣು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿರುವ ವಿವರವನ್ನು ಬಿಡಿಸಿ ನೋಡಲಾರದೆಂದು ಸ್ಥೂಲವಾಗಿ ಹೇಳಬಹುದು. ಕಣ್ಣಿನ ವೈದ್ಯರ ಗೋಡೆಯ ಮೇಲಿರುವ ಅಕ್ಷರಪಟವನ್ನು ೧೮೬೨ರಲ್ಲಿ ರೂಪಿಸಿದ ಡಚ್ ವೈದ್ಯ ಹರ್ಮನ್ ಸ್ನೆಲೆನ್ ಈ ಕೋನವನ್ನೇ ಆಧಾರವಾಗಿ ಇಟ್ಟುಕೊಂಡನು. ಅವನ ಪಟದ ಇಂಗ್ಲಿಷ್ ‘ಇ’ ಅಕ್ಷರದಲ್ಲಿ ಮೂರು ಅಡ್ಡಗೆರೆಗಳು, ಎರಡು ಸಂದುಗಳು; ಒಟ್ಟು ಐದು ಸಮಭಾಗ. ಅರುವತ್ತು ಮೀಟರು ದೂರದಲ್ಲಿ ಆ ಕೋನಕ್ಕೆ ಸಲ್ಲುವ ಅಳತೆ ೧೭.೫ ಮಿಲಿಮೀಟರು. ಆದುದರಿಂದ ಅಷ್ಟು ದೂರದಿಂದ ‘ಇ’ಯನ್ನು ಗುರುತಿಸಬೇಕಾದರೆ ಅದರ ಎತ್ತರ ಐದರಷ್ಟು, ಎಂದರೆ ಸುಮಾರು ೮೭ ಮಿಲಿಮೀಟರು ಇದ್ದರೆ ಸಾಕು.

ಕನ್ನಡದ ದ, ಧ, ಥ ಈ ಮೂರನ್ನು ಒಂದರ ಪಕ್ಕ ಒಂದು ಬರೆದು ನೋಡಿರಿ. ‘ದ’ಕಾರದ ಹೊಟ್ಟೆಯ ಕೆಳಗೆ ಒಂದು ಸಣ್ಣ ಗೀಟು ಸೇರಿದರೆ ‘ಧ’; ಅದರೊಳಗೆ ಒಂದು ಚುಕ್ಕೆ ಸೇರಿದರೆ ‘ಥ’. ಈ ಗೀಟಿನ, ಚುಕ್ಕೆಯ ಗಾತ್ರವನ್ನು ಅಕ್ಷರದ ಎತ್ತರದ ಹತ್ತನೆಯ ಒಂದು ಭಾಗವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹಾಗಿದ್ದರೆ ಅರುವತ್ತು ಮೀಟರು ದೂರದಿಂದ ಇವುಗಳ ಭೇದ ಕಾಣಲು ಅಕ್ಷರವು ೧೭೫ ಮಿಲಿಮೀಟರು, ಎಂದರೆ ಹತ್ತಿರ ಹತ್ತಿರ ಏಳು ಅಂಗುಲ ಎತ್ತರವಿರಬೇಕು. ಇಂಗ್ಲಿಷ್ ಅಕ್ಷರದ ಎತ್ತರವನ್ನೇ ಕನ್ನಡಕ್ಕೂ ಕೊಟ್ಟು ‘ಸಮಾನತೆ’ಯನ್ನು ಸಾಧಿಸಿದ ಫಲಕದಲ್ಲಿ ಇಂಗ್ಲಿಷ್ ಅರುವತ್ತು ಮೀಟರಿಗೆ ಕಂಡರೆ ಕನ್ನಡದ ಭೇದ ಕಾಣುವುದು ಮೂವತ್ತು ಮೀಟರಿಗೆ. ‘ಬಾದಾಮಿ’ಯನ್ನು ಯಾರೂ ‘ಬಾಧಾಮಿ’ ಎಂದು ಓದಲಾರರು, ಗೊತ್ತಿರುವ ಪದವನ್ನು ಮನಸ್ಸೇ ತುಂಬಿಕೊಳ್ಳುತ್ತದೆ ಎಂದು ಇದಕ್ಕೆ ಆಕ್ಷೇಪಣೆ ಬರಬಹುದು. ನಿಜ. ಆದರೆ ಬಾದಾಮಿಗೆ ದಾರಿ ಬಲ್ಲವನಿಗೆ ಫಲಕದ ಹಂಗೇ ಇಲ್ಲ. ಫಲಕವು ಬೇಕಾಗುವುದು ಊರಿನ ಹೆಸರನ್ನೇ ಮೊದಲ ಸಲ ಓದುತ್ತಿರುವವನಿಗೆ.

ಈ ಲೆಕ್ಕವನ್ನು ಹಿಡಿದುಕೊಂಡು ನಮ್ಮ ಕಾನೂನನ್ನೂ ಒಮ್ಮೆ ನೋಡುವುದು ಉಚಿತ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ ೬೦ ಭಾಗ ಕನ್ನಡವಿರಬೇಕು. ಉದ್ದೇಶ ಒಳ್ಳೆಯದೇ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅರುವತ್ತಕ್ಕೂ ನಲವತ್ತಕ್ಕೂ ಇರುವ ಒಂದೂವರೆಯ ಅನುಪಾತವು ವಿಸ್ತೀರ್ಣದ್ದು. ಎರಡು ಬರಹಗಳೂ ಒಂದೇ ಆಕಾರದ ಜಾಗವನ್ನು ತುಂಬಿದರೆ ಎತ್ತರದ ಅನುಪಾತವು ಅದರ ವರ್ಗಮೂಲ, ಎಂದರೆ ೧.೨೨ ಮಾತ್ರ. ಬೇಕಾದುದು ಎರಡರಷ್ಟು, ಸಿಕ್ಕಿದುದು ಒಂದೂಕಾಲಿಗೂ ಕಡಿಮೆ! ಅದರಲ್ಲಿಯೂ ಕೆಳಗಿನ ಒತ್ತಕ್ಷರಕ್ಕೂ ಮೇಲಿನ ಗುಡಿಸಿಗೂ ಪಾಲು ಹೋಗಿ ಒಡಲಿಗೆ ಉಳಿಯುವುದು ಇನ್ನಷ್ಟು ಕಡಿಮೆ. ಅಳತೆಪಟ್ಟಿ ಹಿಡಿದ ಅಧಿಕಾರಿಗೆ ತೃಪ್ತಿಯಾದರೂ ಕಣ್ಣಿಗೆ ತೃಪ್ತಿಯಾಗುವುದಿಲ್ಲ. ಕಾನೂನು ಜಾಗವನ್ನು ಕೊಡಿಸಬಲ್ಲದು. ಆ ಜಾಗದಲ್ಲಿ ಓದಿಸಿಕೊಳ್ಳುವ ಅಕ್ಷರವನ್ನು ಬರೆಯುವುದು ಕಲಿತವರಿಂದ ಮಾತ್ರ ಆಗತಕ್ಕ ಕೆಲಸ.

ಇರುವ ಜಾಗವನ್ನೂ ನಾವು ಕೆಡಿಸಿಕೊಳ್ಳುವ ರೀತಿ ವಿಚಿತ್ರವಾಗಿದೆ. ಉದ್ದವಾದ ಹೆಸರು ಹಲಗೆಯಲ್ಲಿ ಹಿಡಿಸದಿದ್ದರೆ ಗಣಕಯಂತ್ರದಲ್ಲಿ ಅದನ್ನು ಎರಡು ಪಕ್ಕಗಳಿಂದ ಅಮುಕಿಬಿಡುತ್ತಾರೆ. ಅರ್ಧ ಅಗಲಕ್ಕೆ ಅಮುಕಿದಾಗ ನಿಂತ ಗೆರೆಗಳು ಅರ್ಧ ತೆಳ್ಳಗಾಗುತ್ತವೆ, ಮಲಗಿದ ಗೆರೆಗಳು ಮೊದಲಿನಷ್ಟೇ ದಪ್ಪವಾಗಿ ಉಳಿಯುತ್ತವೆ, ಒಳಗಿನ ಬಯಲು ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ದುಂಡಕ್ಷರಕ್ಕೆ ಬಯಲೇ ಜೀವ. ಅದು ಹೋದರೆ ದ, ಧ, ಥಗಳೆಲ್ಲ ಒಂದೇ ಕಪ್ಪು ಮುದ್ದೆ. ಕುಂಚ ಹಿಡಿದು ಹಲಗೆ ಬರೆಯುತ್ತಿದ್ದವನು ಹೀಗೆ ಮಾಡುತ್ತಿರಲಿಲ್ಲ. ಜಾಗ ಸಾಲದಾದಾಗ ಅವನು ಅಕ್ಷರವನ್ನು ಅಮುಕದೆ ಹೊಸದಾಗಿಯೇ ಬರೆಯುತ್ತಿದ್ದನು: ತಲೆಕಟ್ಟನ್ನು ಗಿಡ್ಡಗೊಳಿಸಿ, ಒತ್ತನ್ನು ಪಕ್ಕದ ಬಯಲಿಗೆ ಸರಿಸಿ, ಗೆರೆಯ ದಪ್ಪವನ್ನು ಕಾಪಾಡಿಕೊಂಡು. ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಿಂದ ಅಚ್ಚು ಹಾಕುವ ಫ್ಲೆಕ್ಸ್ ಬಂದ ಮೇಲೆ ಆ ಕಸುಬಿನವರು ಬಹುಮಟ್ಟಿಗೆ ಕೆಲಸ ಕಳೆದುಕೊಂಡರು, ಅವರ ಕೈಯಲ್ಲಿದ್ದ ಈ ವಿದ್ಯೆಯೂ ಜೊತೆಯಲ್ಲಿಯೇ ಹೋಯಿತು. ಯಂತ್ರವನ್ನು ನಾನು ದೂರುವುದಿಲ್ಲ. ವಿದ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳದ ನಮ್ಮ ಉದಾಸೀನವನ್ನು ದೂರುತ್ತೇನೆ. ಆ ಹಿರಿಯರಲ್ಲಿ ಇನ್ನೂ ಎಷ್ಟೋ ಮಂದಿ ನಮ್ಮ ಊರುಗಳಲ್ಲಿ ಇದ್ದಾರೆ.

ಬಾಗಲಕೋಟೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹಳೆಯ ಊರಿನ ಬಹುಭಾಗವನ್ನು ತೆರವು ಮಾಡಿ ಜನರು ನವನಗರಕ್ಕೆ ಬಂದರು. ಹಳೆಯ ಊರಿನಲ್ಲಿ ದಾರಿ ಹೇಳಲು ಗುಡಿಯಿತ್ತು, ಅಗಸೆಯಿತ್ತು, ಓಣಿಯ ಹೆಸರಿತ್ತು, ಫಲಕವಿಲ್ಲದಿದ್ದರೂ ನಡೆಯುತ್ತಿತ್ತು. ನವನಗರದಲ್ಲಿ ಸೆಕ್ಟರುಗಳಿಗೆ ಸಂಖ್ಯೆಗಳು. ಸಂಖ್ಯೆಯಿಂದ ವಿಳಾಸ ಹುಡುಕಬೇಕಾದ ಊರಿನಲ್ಲಿ ಫಲಕದ ಅಕ್ಷರವೂ ಅಂಕೆಯೂ ಅಲಂಕಾರವಲ್ಲ, ರಸ್ತೆಯಷ್ಟೇ ಅವಶ್ಯವಾದ ಸಾಧನ.

ಬಣ್ಣದ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು ಇಳಕಲ್ಲಿನಲ್ಲಿ ಇದ್ದಾರೆ. ಅಲ್ಲಿನ ಸೀರೆಯ ಟೋಪು ತೆನೆ ಸೆರಗನ್ನು ವಾಚಕರು ಕಂಡಿರಬಹುದು: ಕೆಂಪು ರೇಷ್ಮೆಯ ನೆಲ, ಅದರ ಮೇಲೆ ಬಿಳಿಯ ತೆನೆಗಳ ಸಾಲು. ಇದನ್ನು ಸಂಜೆಯ ಮಬ್ಬಿನಲ್ಲಿ ನೋಡಿದರೂ ತೆನೆಯ ಆಕಾರ ಅಳಿಯುವುದಿಲ್ಲ. ಅದೇ ಹೊತ್ತಿಗೆ ಹಸಿರು ಹಲಗೆಯ ಮೇ��ೆ ಕೆಂಪಕ್ಷರಗಳನ್ನು ಬರೆದ ಫಲಕವನ್ನು ನೋಡಿರಿ, ಅಕ್ಷರ ಕಪ್ಪಾಗಿ ಹಿಮ್ಮೆಟ್ಟಿರುತ್ತದೆ. ಬೆಳಕು ಇಳಿದಂತೆ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಹಿಂದೆ ಸರಿದು ದಂಡಕೋಶಗಳು ಮುಂದೆ ಬರುತ್ತವೆ. ಈ ಎರಡನೆಯವುಗಳಿಗೆ ಕೆಂಪು ಬೆಳಕು ಬಹುತೇಕ ಕಾಣುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಪರಿಣಾಮಕ್ಕೆ ನಿಂತಿದೆ. ಬಣ್ಣಗಳ ಭೇದ ಎಷ್ಟೇ ಇರಲಿ, ಬೆಳಕು ಕತ್ತಲೆಯ ಭೇದ ಇಲ್ಲದಿದ್ದರೆ ಅಕ್ಷರ ನಿಲ್ಲದು. ಕೆಂಪು ಹಸಿರುಗಳ ಭೇದವನ್ನು ಹಗಲಿನಲ್ಲಿಯೂ ಕಾಣಲಾರದವರು ಪುರುಷರಲ್ಲಿ ಹಲವರುಂಟೆಂಬುದನ್ನೂ ನೆನಪಿಡಬೇಕು.

ಇಳಕಲ್ಲಿನ ಮಗ್ಗಕ್ಕೆ ಇನ್ನೊಂದು ಗುಣವಿದೆ. ಹಾಸು ಹೊಕ್ಕುಗಳು ಸೇರಿ ಆಗುವುದು ಚೌಕುಳಿಗಳ ಬಲೆ. ಗಣಕಯಂತ್ರದ ಪರದೆಯೂ ಚೌಕುಳಿಗಳ ಬಲೆಯೇ. ಬಲೆಯ ಮೇಲೆ ಓರೆಗೆರೆ ಎಳೆದರೆ ಅದು ಮೆಟ್ಟಿಲಾಗುತ್ತದೆ. ಮೆಟ್ಟಿಲನ್ನು ಅಡಗಿಸಲು ಹೆಣಗುವುದು ಒಂದು ದಾರಿ. ಮೆಟ್ಟಿಲನ್ನೇ ಆಕಾರವನ್ನಾಗಿ ಒಪ್ಪಿಕೊಳ್ಳುವುದು ನೇಕಾರರ ದಾರಿ. ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಎಂಬ ಅವರ ಆಕಾರಗಳೆಲ್ಲ ಬಲೆಗೆ ಹೊಂದುವಂಥವುಗಳನ್ನೇ ಲೋಕದಿಂದ ಆರಿಸಿಕೊಂಡವು. ಈ ಸೀರೆಗಳ ಮೇಲೆ ಹೆಂಗಸರು ಹಾಕುವ ಕಸೂತಿಯಲ್ಲಿಯೂ ಹೀಗೆಯೇ. ಗೆರೆ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಕಮಲಗಳನ್ನು ಮೂಡಿಸುತ್ತಾರೆ. ಅವರ ಗವಂತಿ ಹೊಲಿಗೆಯಲ್ಲಿ ಸೂಜಿಯು ಹೋಗುವಾಗ ಒಂದು ಬಿಟ್ಟು ಒಂದು ಗೆರೆ ತುಂಬಿ, ಬರುವಾಗ ಬಿಟ್ಟುದನ್ನು ತುಂಬುವುದರಿಂದ ಎರಡು ಮಗ್ಗುಲೂ ಒಂದೇ ಚಿತ್ರ. ಪ್ರತಿಯೊಂದು ಗೆರೆಯ ಮೇಲೂ ಎರಡು ಸಲ ನಡೆಯುವುದಾದರೆ, ಬಿಡಿಬಿಡಿಯಾಗದೆ ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ದಾರ ಕಡಿಯದೆ ಮುಗಿಸಿ ಹೊರಟಲ್ಲಿಗೇ ಬರಬಹುದು. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಕುರಿತು ಗಣಿತಜ್ಞ ಆಯ್ಲರನು ೧೭೩೬ರಲ್ಲಿ ಹೂಡಿದ ವಿಚಾರದಿಂದ ಹೊರಡುವ ಫಲಿತಾಂಶವಿದು. ನಮ್ಮ ಅಜ್ಜಿಯರು ಅವನನ್ನು ಓದಿರಲಿಲ್ಲ. ದಾರ ಉಳಿಸುವುದನ್ನು ಬಲ್ಲವರಾಗಿದ್ದರು.

ಹೀಗೆ ಸಾಧನದ ಮಿತಿಯೊಳಗೆ ಆಕಾರವನ್ನು ಕಡೆಯುವ ಕಲೆಯೇ ಲಾಂಛನದ ಕಲೆ. ಬಾದಾಮಿಯಲ್ಲಿ ಅದಕ್ಕೂ ಮಾದರಿಯಿದೆ. ಎರಡನೆಯ ಮತ್ತು ಮೂರನೆಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿ ನಿಂತಿರುವ ವರಾಹಮೂರ್ತಿಗಳಿವೆ. ಆಭರಣ, ಆಯುಧ, ಪರಿವಾರ ಎಲ್ಲ ವಿವರಗಳೂ ಅಲ್ಲಿವೆ. ಚಾಲುಕ್ಯರ ರಾಜಲಾಂಛನವೂ ವರಾಹವೇ. ಆದರೆ ತಾಮ್ರಶಾಸನದ ಮುದ್ರೆಯ ಮೇಲೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಜಾಗದಲ್ಲಿ, ಆ ವೈಭವವನ್ನೆಲ್ಲ ಕೈಬಿಟ್ಟು ಪಕ್ಕದಿಂದ ಕಾಣುವ ಒಂದು ಹಂದಿಯನ್ನು ಮಾತ್ರ ನಿಲ್ಲಿಸಿದ್ದಾರೆ. ಎಲ್ಲಿ ಎಷ್ಟನ್ನು ಬಿಡಬೇಕೆಂಬುದು ಅವರಿಗೆ ಗೊತ್ತಿತ್ತು. ಬಾದಾಮಿಯ ಅರಸರು ಹೋದ ಮೇಲೆಯೂ ಕಲ್ಯಾಣದ ಚಾಲುಕ್ಯರೂ ಅನಂತರ ವಿಜಯನಗರದವರೂ ಅದನ್ನು ಉಳಿಸಿಕೊಂಡರು. ಕೊನೆಗೆ ಚಿನ್ನದ ನಾಣ್ಯಕ್ಕೇ ವರಾಹವೆಂದು ಹೆಸರು ಬಂದಿತು. ನಾಣ್ಯದಷ್ಟು ಸಣ್ಣದಾದರೂ ಗುರುತು ಕೆಡದ ಲಾಂಛನ! ಇಂದು ಇಡೀ ದೇವಾಲಯದ ಛಾಯಾಚಿತ್ರವನ್ನು, ಸುತ್ತಲೂ ಸಂಸ್ಥೆಯ ಹೆಸರನ್ನೂ ಸ್ಥಾಪನೆಯ ವರ್ಷವನ್ನೂ ಧ್ಯೇಯವಾಕ್ಯವನ್ನೂ, ಅಂಗುಲದಗಲದ ವೃತ್ತದಲ್ಲಿ ತುರುಕುವವರು ಈ ಹಂದಿಯನ್ನು ಸ್ವಲ್ಪ ಹೊತ್ತು ನೋಡಬೇಕು. ಅಮೀನಗಡದ ಕರದಂಟಿನ ಡಬ್ಬಿಗೆ ಗುರುತು ರಚಿಸುವವನಿಗೂ, ಇಳಕಲ್ ಸೀರೆಯ ಅಂಚಿಗೆ ಹೊಲಿಯುವ ಚೀಟಿಗೆ ಗುರುತು ಬರೆಯುವವನಿಗೂ ಪರೀಕ್ಷೆ ಒಂದೇ: ಉಗುರಿನಷ್ಟಕ್ಕೆ ಇಳಿಸಿದಾಗ ಏನು ಉಳಿಯುತ್ತದೆ?

ಕನ್ನಡದಲ್ಲಿ ಒಳ್ಳೆಯ ಅಚ್ಚುಗಳೇ ಕಡಿಮೆ, ನಾವೇನು ಮಾಡಲಾದೀತು ಎಂದು ಕೆಲವರು ಕೇಳುತ್ತಾರೆ. ಕಡಿಮೆಯಾಗಿರಲು ಕಾರಣವುಂಟು. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಮೂವತ್ತನಾಲ್ಕು ಒತ್ತುಗಳು, ಅವಕ್ಕೆ ಹದಿಮೂರು ಸ್ವರಗಳು ಎಂದು ಗುಣಿಸಿದರೆ ಹದಿನೈದು ಸಾವಿರ ಮೀರುತ್ತದೆ. ಬಳಕೆಯಲ್ಲಿರುವುವು ಅದರಲ್ಲಿ ಸ್ವಲ್ಪವೇ ಆದರೂ ಸೀಸದ ಮೊಳೆಗಳ ಕಾಲದಲ್ಲಿ ಅದು ದೊಡ್ಡ ಹೊರೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ದೂರದ ಶ್ರೀರಾಂಪುರದಲ್ಲಿ ಅಚ್ಚಾಯಿತು. ೧೮೪೩ರ ‘ಮಂಗಳೂರ ಸಮಾಚಾರ’ವು ಹೊರಬಂದುದು ಮೊಳೆಗಳಿಂದಲ್ಲ, ಕೈಬರಹವನ್ನು ಕಲ್ಲಿನ ಮೇಲೆ ಇಳಿಸಿ ತೆಗೆದ ಕಲ್ಲಚ್ಚಿನಿಂದ. ಇಂದು ಆ ಹೊರೆ ಇಳಿದಿದೆ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿವೆ. ಬರೆದುಕೊಟ್ಟ ನಿಯಮಗಳಂತೆ ಯಂತ್ರವೇ ಒಡಲಿಗೆ ಒತ್ತನ್ನು ಜೋಡಿಸುತ್ತದೆ. ಉಚ್ಚಾರಣೆಯ ಕ್ರಮದಲ್ಲಿಯೇ ಬೆರಳಚ್ಚು ಮಾಡುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ಮನೆಮಾತಾಗಿದೆ. ಅಕ್ಷರವನ್ನು ರೂಪಿಸುವ ತಂತ್ರಾಂಶಗಳಲ್ಲಿ ಹಣ ಕೊಡದೆ ಪಡೆಯಬಹುದಾದವುಗಳೂ ಇವೆ. ಕಾಗದ, ಅಡಿಪಟ್ಟಿ, ತಾಳ್ಮೆ ಇವಿಷ್ಟು ಇದ್ದ ವಿದ್ಯಾರ್ಥಿಯು ಒಂದು ಬೇಸಗೆಯ ರಜೆಯಲ್ಲಿ ಇಪ್ಪತ್ತು ಅಕ್ಷರಗಳನ್ನಾದರೂ ಬರೆದು ನೋಡಬಹುದು.

ಎರಡು ಲಿಪಿಗಳ ಫಲಕ ಬರೆಯಬೇಕಾದವರಿಗೆ ಪಟ್ಟದಕಲ್ಲಿನಲ್ಲಿ ಒಂದು ಕಂಬವಿದೆ. ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ. ಶ. ೭೫೪ರ ಆ ಶಾಸನದಲ್ಲಿ ಒಂದೇ ಪಾಠವನ್ನು ಎರಡು ಸಲ ಕೆತ್ತಿದ್ದಾರೆ: ಒಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಇನ್ನೊಮ್ಮೆ ಇಲ್ಲಿಯ ಲಿಪಿಯಲ್ಲಿ. ಒಂದನ್ನು ಇನ್ನೊಂದರ ಅಚ್ಚಿಗೆ ತುರುಕಿಲ್ಲ. ಉತ್ತರದ ಅಕ್ಷರವು ತನ್ನ ಕೋನಗಳೊಡನೆ, ನಮ್ಮದು ತನ್ನ ಬಾಗುಗಳೊಡನೆ ಇದೆ. ಕನ್ನಡಾಕ್ಷರವನ್ನು ಇಂಗ್ಲಿಷಿನಂತೆ ಕಾಣಿಸಲು ತಲೆಕಟ್ಟು ಕತ್ತರಿಸುವ ಇಂದಿನ ಹವ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಈ ಸೀಮೆಗೆ ಪ್ರವಾಸ ಹೊರಡುವ ತರಗತಿಗಳು ಚೀಲದಲ್ಲಿ ಒಂದು ಅಡಿಪಟ್ಟಿಯನ್ನೂ ಭೂತಗನ್ನಡಿಯನ್ನೂ ಇಟ್ಟುಕೊಳ್ಳಲಿ. ಮೇಗುತಿ ಗುಡ್ಡವನ್ನು ಹೊತ್ತೇರಿದ ಮೇಲೆ ಹತ್ತುವುದು ಮೇಲು. ಅಕ್ಷರ ಚೆನ್ನಾಗಿ ಕಾಣಲೆಂದು ಅದರಲ್ಲಿ ಸೀಮೆಸುಣ್ಣ ತುಂಬಬಾರದು, ಗೋಡೆಯನ್ನು ಮುಟ್ಟಲೂ ಬಾರದು. ಪಟ್ಟಿಯನ್ನು ತುಸು ದೂರ ಹಿಡಿದು ಛಾಯಾಚಿತ್ರ ತೆಗೆದುಕೊಂಡರೆ ಅಳತೆಗೆ ಸಾಕು. ಇಳಕಲ್ಲಿನಲ್ಲಿ ಸೆರಗಿನ ಒಂದು ಅಂಗುಲದಲ್ಲಿ ಎಳೆಗಳೆಷ್ಟು, ಒಂದು ತೆನೆಗೆ ಎಳೆಗಳೆಷ್ಟು ಎಂದು ನೇಕಾರರ ಅಪ್ಪಣೆ ಪಡೆದು ಎಣಿಸಿರಿ. ಬಾಗಲಕೋಟೆಯ ಬಸ್ಸು ನಿಲ್ದಾಣಕ್ಕೆ ಹಿಂದಿರುಗಿದ ಮೇಲೆ ಯಾವುದಾದರೊಂದು ಫಲಕದ ಎದುರು ನಿಂತು, ಹೆಜ್ಜೆಗಳನ್ನು ಎಣಿಸುತ್ತ ಹಿಂದಕ್ಕೆ ಸರಿದು, ಎಷ್ಟನೆಯ ಹೆಜ್ಜೆಗೆ ದಕಾರ ಧಕಾರಗಳು ಒಂದಾಗುವುವೆಂದು ಬರೆದಿಟ್ಟುಕೊಳ್ಳಿರಿ. ಹಿಂದಿನಿಂದ ಬಸ್ಸು ಬರುತ್ತಿಲ್ಲವೆಂದು ನೋಡಿಕೊಳ್ಳಲು ಒಬ್ಬ ಗೆಳೆಯನನ್ನು ನಿಲ್ಲಿಸಿಕೊಂಡರೆ ಒಳ್ಳೆಯದು.